ಏಳನೇ ಡಿಸ್ಕಿನ ಕುಂಕುಮ

ದೊಡ್ಡಬಳ್ಳಾಪುರ
೧೪-೯-೧೯೯೮

ತಾಯಿಯ ಸಮಾನರಾದ ಅತ್ತೆಯವರ ಪಾದಗಳಿಗೆ ನಿಮ್ಮ ಸೊಸೆ ಅರುಣಾ ಮಾಡುವ ನಮಸ್ಕಾರಗಳು.

ಈ ಕಾಗದವನ್ನು ನೀವು ಒಬ್ಬರೇ ಕನ್ನಡಕ ಹಾಕಿಕೊಂಡು ಮೂಲೆಯಲ್ಲಿ ಕೂತು ಓದಬೇಡಿ. ಸಪ್ಪಲಮ್ಮನ ಕೈಗೆ ಕೊಡಿ. ಅವಳು ನಡುಮನೆಯಲ್ಲಿ ಕೂತು, ಅವಳ ಅತ್ತೆ ಮಾವ ಮನೆಯಲ್ಲಿರುವ ಹೊತ್ತು ನೋಡಿ, ಗಟ್ಟಿಯಾಗಿ ಓದಲಿ. ನಾನು ನಿಮ್ಮನ್ನು ಅಂದದ್ದು ನಾಲ್ಕು ಜನರ ಎದುರಿಗೆ. ತಪ್ಪು ಒಪ್ಪಿಕೊಳ್ಳುವುದು ಮಾತ್ರ ಮುಚ್ಚಿದ ಲಕೋಟೆಯೊಳಗೆ ಎಂದರೆ ಅದು ನ್ಯಾಯವಲ್ಲ. ಮಗಳ ಮನೆಯಲ್ಲಿ ನಿಮ್ಮ ಮಾನ ಹೋಗುತ್ತದೆ ಎಂದು ಹೆದರಬೇಡಿ. ಹೋಗುವುದಿದ್ದರೆ ನನ್ನದು ಹೋಗುತ್ತದೆ.

ಮೊನ್ನೆ ತ್ಯಾಮಗೊಂಡ್ಲಿನಿಂದ ನಿಮ್ಮ ಅಳಿಯಂದಿರು ಬಂದಿದ್ದರು. ನೀವು ಹೇಳಿ ಕಳಿಸಿದ ಮಾತನ್ನು ಕಾಫಿ ಕುಡಿಯುತ್ತಾ ತಲುಪಿಸಿದರು. "ಈ ಸಲ ಆಯುಧಪೂಜೆಗೆ ಬರಕ್ಕಾಗಲ್ವಂತೆ. ಮಗ್ಗಕ್ಕೆ ಅರುಣಾನೇ ಇಟ್ಕೊಳ್ಳಲಿ, ನನ್ ಕೈ ಬ್ಯಾಡ ಅಂದ್ರು." ಅವರಿಗೆ ಏನೂ ಗೊತ್ತಿಲ್ಲ. ವಯಸ್ಸಾದವರು ಪ್ರಯಾಣಕ್ಕೆ ಬೇಸರಪಟ್ಟಿದ್ದಾರೆ ಎಂದುಕೊಂಡು ಹೇಳಿದರು. ಮಾವ ಅದನ್ನು ಕೇಳಿ ಎದ್ದು ಮಗ್ಗದ ಮನೆಗೆ ಹೋದರು. ನಿಮ್ಮ ಮಗ ನನ್ನ ಮುಖ ನೋಡಿದರು. ನಾನು ಲೋಟ ತೊಳೆಯಲು ಹೋದೆ. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾ ನಿಂತಿದ್ದೆ.

ನನ್ನ ಮೇಲೆ ನನಗೆ ಹೇಸಿಗೆ ಬಂದಿದೆ ಅತ್ತೆ. ಅದಕ್ಕಿಂತ ಮೊದಲು ಆ ಸಾಫ್ಟ್‌ವೇರಿನ ಮೇಲೆ ಬಂತು, ಅದನ್ನು ಮಾರಿದ ಕಂಪನಿಯ ಮೇಲೆ ಬಂತು. ಕಂಪನಿಯ ಹೆಸರು ಬರೆದು ಈ ಕಾಗದವನ್ನು ಮೈಲಿಗೆ ಮಾಡುವುದಿಲ್ಲ. ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದೂ ಇದರಲ್ಲಿದೆ, ಗೊತ್ತಿಲ್ಲದ್ದೂ ಇದೆ. ಗೊತ್ತಿಲ್ಲದ್ದು ಬಂದಾಗ ಸಪ್ಪಲಮ್ಮ ಇನ್ನೂ ಸ್ವಲ್ಪ ಗಟ್ಟಿಯಾಗಿ ಓದಲಿ.

ಹೋದ ವರ್ಷ ಯುಗಾದಿಗೆ ಕಂಪ್ಯೂಟರ್ ಬಂತು. ತರಿಸಿದವಳು ನಾನು. ಹೊಸಕೋಟೆಯ ನಮ್ಮಪ್ಪನ ಮನೆಯಿಂದ ಒಂದು ಡಿಪ್ಲೊಮಾ ಸರ್ಟಿಫಿಕೇಟು ಹಿಡಿದುಕೊಂಡು ಬಂದಿದ್ದೆನಲ್ಲ, ಅದನ್ನು ಎಲ್ಲಾದರೂ ತೋರಿಸಬೇಕಿತ್ತು. ಮಾವನ ಕೈ ಆಗಲೇ ನಡುಗುತ್ತಿತ್ತು. ಸೀರೆಯ ಬಾರ್ಡರಿನ ಗಿಣಿಯನ್ನು ಗ್ರಾಫ್ ಕಾಗದದ ಸಣ್ಣ ಸಣ್ಣ ಚೌಕಗಳಲ್ಲಿ ಚುಕ್ಕಿ ಚುಕ್ಕಿಯಾಗಿ ತುಂಬುವಾಗ ಕೊಕ್ಕು ವಕ್ರವಾಗುತ್ತಿತ್ತು. ಆ ಗ್ರಾಫ್ ನೋಡಿಕೊಂಡು ತಾನೇ ರಟ್ಟಿನ ಕಾರ್ಡಿಗೆ ತೂತು ಹೊಡೆಯುವುದು, ಆ ಕಾರ್ಡು ನೋಡಿಕೊಂಡು ತಾನೇ ಮಗ್ಗ ನೇಯುವುದು. ಒಂದು ಚುಕ್ಕಿ ಜರುಗಿದರೆ ಸೀರೆ ಉದ್ದಕ್ಕೂ ಗಿಣಿಯ ಕೊಕ್ಕು ಮುರಿಯುತ್ತದೆ. "ಇನ್ಮೇಲೆ ಇದನ್ನೆಲ್ಲಾ ಕಂಪ್ಯೂಟರ್ರೇ ಮಾಡುತ್ತೆ ಮಾವ, ಒಂದು ಸಲ ಒಳಗೆ ಹಾಕಿದ್ರೆ ಶಾಶ್ವತ" ಎಂದು ಹೇಳಿದವಳು ನಾನು. ಶಾಶ್ವತ ಎನ್ನುವ ಪದವನ್ನು ಬಳಸಿದ್ದು ನೆನೆದರೆ ಈಗ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಅದರ ಜೊತೆ ಹದಿನಾಲ್ಕು ಡಿಸ್ಕುಗಳು ಬಂದವು. ಅಂಗೈಯಗಲದ ಕಪ್ಪು ಚೌಕಗಳು, ಒಂದೊಂದಕ್ಕೂ ಬಿಳಿ ಚೀಟಿ, ಚೀಟಿಯ ಮೇಲೆ ಒಂದರಿಂದ ಹದಿನಾಲ್ಕರವರೆಗೆ ನಂಬರು. ಒಂದಾದ ಮೇಲೆ ಒಂದು ಬಾಯಿಗಿಟ್ಟರೆ ಡಿಸೈನ್ ಮಾಡುವ ಸಾಫ್ಟ್‌ವೇರು ಕಂಪ್ಯೂಟರಿನ ಹೊಟ್ಟೆಗೆ ಸೇರುತ್ತದೆ. ಸುಮಾರು ಒಂದು ಗಂಟೆಯ ಕೆಲಸ. ನೀವು ಬಾಗಿಲ ಹತ್ತಿರ ನಿಂತು ನೋಡಿ, "ಮಗೀಗೆ ತುತ್ತು ತಿನ್ಸಿದಂಗೆ ತಿನ್ನಿಸ್ತಾ ಕೂತಿದೀಯಲ್ಲಮ್ಮ" ಎಂದಿರಿ. ಆ ದಿನ ಎಲ್ಲರೂ ನಕ್ಕೆವು. ಮೂರು ತಿಂಗಳು ಎಲ್ಲವೂ ಚೆನ್ನಾಗಿತ್ತು. ಮಾವನ ಟ್ರಂಕಿನಿಂದ ಹಳೆಯ ಗ್ರಾಫ್ ಹಾಳೆಗಳನ್ನು ತೆಗೆತೆಗೆದು, ದಿನಕ್ಕೆ ಆರು ಗಂಟೆ ಕೂತು, ಹನ್ನೊಂದು ಡಿಸೈನು ಒಳಗೆ ಹಾಕಿದೆ.

ಆಷಾಢದಲ್ಲಿ ಕೊರಿಯರಿನಲ್ಲಿ ಒಂದು ಲಕೋಟೆ ಬಂತು. ಒಳಗೆ ಎರಡು ಡಿಸ್ಕು ಮತ್ತು ಒಂದು ಇಂಗ್ಲಿಷ್ ಪತ್ರ. ನಮ್ಮ ಸಾಫ್ಟ್‌ವೇರನ್ನು ಇನ್ನೂ ಉತ್ತಮಗೊಳಿಸಿದ್ದೇವೆ, ಇದನ್ನು ಹಾಕಿಕೊಳ್ಳಿ, ಅಪ್‌ಡೇಟ್ ಆಗುತ್ತದೆ ಎಂದಿತ್ತು. ನೀವು ಕೇಳಿದಿರಿ, "ಚೆನ್ನಾಗ್ ಓಡ್ತಿರೋ ಮಗ್ಗಾನ ಯಾಕ್ ಬಿಚ್ತೀಯ?" ನಾನು ಗತ್ತಿನಿಂದ ನಕ್ಕು, ಇದು ಮಗ್ಗವಲ್ಲ ಅತ್ತೆ ಎಂದೆ. ಡಿಸ್ಕು ಹಾಕಿದೆ. ನೀಲಿ ಪಟ್ಟಿ ಮುಕ್ಕಾಲು ಭಾಗ ಓಡಿ ನಿಂತಿತು. ಅರ್ಧ ಗಂಟೆ ಕಾದೆ. ಆಮೇಲೆ ನೋಡಿದರೆ ಹೊಸದು ಒಳಗೆ ಬಂದಿರಲಿಲ್ಲ, ಹಳೆಯದು ಹೊರಗೆ ಹೋಗಿತ್ತು. ಕಂಪನಿಗೆ ಫೋನ್ ಮಾಡಲು ಬಸ್ ಸ್ಟ್ಯಾಂಡಿನ ಬೂತಿಗೆ ಓಡಿದೆ. ಅಲ್ಲಿ ಯಾರೋ ಒಬ್ಬ, "ಏನಿಲ್ಲ ಮೇಡಂ, ಎಲ್ಲಾ ತೆಗೆದು ಮೊದಲಿಂದ ರೀಇನ್‌ಸ್ಟಾಲ್ ಮಾಡ್ಬಿಡಿ" ಎಂದ. ಅನ್ನ ಸೀದರೆ ಒಲೆ ಒಡೆದು ಹೊಸದಾಗಿ ಕಟ್ಟಿಕೊಳ್ಳಿ ಎಂದ ಹಾಗೆ.

ಮತ್ತೆ ಹದಿನಾಲ್ಕು ಡಿಸ್ಕು. ಹನ್ನೊಂದನೆಯದಕ್ಕೆ ಬಂದಾಗ ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ಒಂದರಿಂದ ಶುರು. ಎಲ್ಲ ಮುಗಿದ ಮೇಲೆ ಅದು ಒಂದು ಉದ್ದನೆಯ ನಂಬರು ತೋರಿಸುತ್ತದೆ. ಅದನ್ನು ಬರೆದುಕೊಂಡು ಬೂತಿಗೆ ಹೋಗಿ ಕಂಪನಿಗೆ ಓದಿ ಹೇಳಬೇಕು, ಅವರು ಇನ್ನೊಂದು ಉದ್ದನೆಯ ನಂಬರು ಹೇಳುತ್ತಾರೆ, ಅದನ್ನು ತಂದು ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ. ನಮ್ಮ ಮನೆಯ ಬಾಗಿಲು ತೆಗೆಯಲು ನಾವೇ ಬೆಂಗಳೂರಿನವರನ್ನು ಕೇಳಬೇಕು. ತೆರೆದು ನೋಡಿದರೆ ನನ್ನ ಹನ್ನೊಂದು ಡಿಸೈನುಗಳಲ್ಲಿ ಒಂದೂ ಇಲ್ಲ. ಹಳೆಯದನ್ನು ಗುಡಿಸುವ ಭರದಲ್ಲಿ ಅವನ್ನೂ ಗುಡಿಸಿ ಹಾಕಿತ್ತು. ನಾನು ಬುದ್ಧಿವಂತೆ, ಬೇರೆ ಡಿಸ್ಕಿನಲ್ಲಿ ಕಾಪಿ ಇಟ್ಟಿದ್ದೆ. ಅದನ್ನು ತೆರೆಯಹೋದರೆ, ಇದು ಬೇರೆ ವರ್ಷನ್ನಿನದು, ನನಗೆ ಗುರುತಿಲ್ಲ ಎಂದಿತು. ತಾನೇ ಬರೆದದ್ದನ್ನು ತಾನೇ ಗುರುತಿಲ್ಲ ಎನ್ನುವ ಪ್ರಾಣಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಂದಿನಿಂದ ಒಂದು ನೋಟ್ ಬುಕ್ ಇಟ್ಟೆ. ಯಾವ ದಿನ ಏನು ಹಾಕಿದೆ, ಎಲ್ಲಿ ನಿಂತಿತು, ಕಂಪನಿಯವನು ಏನು ಹೇಳಿದ ಎಂದು ಬರೆಯುವುದು. ನಿಮ್ಮ ಮಗ ಅದನ್ನು ನನ್ನ ಪಾಪದ ಪುಸ್ತಕ ಎಂದು ತಮಾಷೆ ಮಾಡುತ್ತಿದ್ದರು. ತಮಾಷೆಗೆ ಹೇಳಿದ್ದು ಆಮೇಲೆ ನಿಜವಾಯಿತು.

ಈಗ ಬರುವುದು ನಿಮಗೆ ಗೊತ್ತಿಲ್ಲದ್ದು.

ಶ್ರಾವಣದಲ್ಲಿ ಎರಡನೆಯ ಅಪ್‌ಡೇಟ್ ಬಂತು. ಮತ್ತೆ ಅದೇ ಕಥೆ, ಮತ್ತೆ ರೀಇನ್‌ಸ್ಟಾಲ್. ಆ ಸಲ ಏಳನೇ ಡಿಸ್ಕು ಹಾಕಿದಾಗ ಕಂಪ್ಯೂಟರ್ ಕರಕರ ಎಂದು ಸದ್ದು ಮಾಡಿ ನಿಂತಿತು. ಇದನ್ನು ಓದಲು ಆಗುತ್ತಿಲ್ಲ ಎಂದು ಬಂತು. ಹೊರಗೆ ತೆಗೆದೆ, ಸೆರಗಿನಿಂದ ಒರೆಸಿದೆ, ಊದಿದೆ, ಮತ್ತೆ ಹಾಕಿದೆ. ಐದನೆಯ ಸಲಕ್ಕೆ ಹೇಗೋ ಓದಿಕೊಂಡಿತು. ನೋಟ್ ಬುಕ್ಕಿನಲ್ಲಿ ನನ್ನದೇ ಅಕ್ಷರದಲ್ಲಿ ಬರೆದಿದ್ದೇನೆ: "ಏಳನೇ ಡಿಸ್ಕು ನಿಂತಿತು. ಕೆಟ್ಟಿದೆ ಎನಿಸುತ್ತದೆ. ಕಂಪನಿಗೆ ಹೇಳಬೇಕು." ಹೇಳಲಿಲ್ಲ. ಮನೆಯಲ್ಲಿಯೂ ಹೇಳಲಿಲ್ಲ. ಹಠ ಮಾಡಿ ತರಿಸಿದ ಸಾಮಾನು ಬಂದ ನಾಲ್ಕು ತಿಂಗಳಿಗೆ ಕೊಳೆತಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಇದು ಆಗಸ್ಟ್ ತಿಂಗಳ ಮಾತು. ನೀವು ಅದಕ್ಕೆ ಕುಂಕುಮ ಇಟ್ಟದ್ದು ಅಕ್ಟೋಬರಿನಲ್ಲಿ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಆರು ಮಗ್ಗಗಳನ್ನೂ ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಹೂ ಮುಡಿಸಿದ್ದಿರಿ. ಲಾಳಿಗಳಿಗೆ, ಕತ್ತರಿಗಳಿಗೆ, ಕರೆಂಟಿನ ಬೋರ್ಡಿಗೆ, ಸ್ಕೂಟರಿಗೆ, ನಿಮ್ಮ ಮೊಮ್ಮಗಳು ಯಶಸ್ವಿನಿಯ ಮೂರು ಗಾಲಿ ಸೈಕಲ್ಲಿಗೆ. ಹಿತ್ತಲಲ್ಲಿ ಬಿದ್ದಿದ್ದ ಮುರಿದ ಲಾಳಿಯನ್ನೂ ಹುಡುಕಿ ತಂದು ಅದಕ್ಕೂ ಒಂದು ಬೊಟ್ಟು ಇಟ್ಟಿರಿ. "ಒಂದಕ್ಕಿಟ್ಟು ಒಂದಕ್ಕೆ ಬಿಡಬಾರ್ದು ಕಣಮ್ಮ, ಬಿಟ್ಟಿದ್ದು ಕೊರಗುತ್ತೆ" ಎಂದಿರಿ. ಆಮೇಲೆ ತಟ್ಟೆ ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದು ಕೇಳಿದಿರಿ. "ಅರುಣಾ, ಇದಕ್ಕೆ ಎಲ್ಲಿ ಇಡ್ಲಿ?" ನಾನು ಎಡೆಗೆ ಹೋಳಿಗೆ ತಟ್ಟುತ್ತಿದ್ದೆ. ತಿರುಗಿ ಕೂಡ ನೋಡದೆ, "ಎಲ್ಲಾದ್ರೂ ಇಡಿ ಅತ್ತೆ" ಎಂದೆ.

ನೀವು ಕೇಳಿದ್ದಿರಿ. ನಾನು ಇಡಿ ಎಂದಿದ್ದೆ. ಆಮೇಲೆ ಇದನ್ನು ಒಬ್ಬರಿಗೂ ನಾನು ಹೇಳಲಿಲ್ಲ, ನೀವೂ ಬಾಯಿ ಬಿಡಲಿಲ್ಲ.

ಸಂಜೆ ಹೋಗಿ ನೋಡಿದೆ. ಪರದೆಯ ಮೇಲಿನ ಅಂಚಿಗೆ ಒಂದು, ಕೀಬೋರ್ಡಿಗೆ ಒಂದು, ಮೌಸಿಗೆ ಒಂದು. ಡಬ್ಬಿಯಲ್ಲಿದ್ದ ಹದಿನಾಲ್ಕು ಡಿಸ್ಕುಗಳನ್ನು ಹೊರಗೆ ತೆಗೆದು ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಒಂದೊಂದು ಬೊಟ್ಟು. ತಗಡಿನ ಬಾಯಿಯ ಹತ್ತಿರ ಎಲ್ಲೂ ಇಲ್ಲ. ಬಿಳಿ ಚೀಟಿಯ ಮೇಲೆ, ನಂಬರಿನ ಪಕ್ಕದಲ್ಲಿ, ಒದ್ದೆಯಿಲ್ಲದ ಉಂಗುರದ ಬೆರಳಲ್ಲಿ ಸಣ್ಣಗೆ ಇಟ್ಟಿದ್ದಿರಿ. ನಂಬರು ಅಳಿಸಬಾರದು ಎಂದು ನೋಡಿಕೊಂಡು ಇಟ್ಟದ್ದು ಗೊತ್ತಾಗುತ್ತಿತ್ತು. ಚೆನ್ನಾಗಿ ಕಾಣುತ್ತದೆ ಎಂದು ನಾನೇ ನಿಮ್ಮ ಮಗನನ್ನು ಕರೆದು ತೋರಿಸಿದೆ.

ದೀಪಾವಳಿಗೆ ವಾರವಿದ್ದಾಗ ಮೂರನೆಯ ಅಪ್‌ಡೇಟ್. ಹಾಕಬಾರದಿತ್ತು. ಹಾಕದಿದ್ದರೆ ಮುಂದೆ ರಿಪೇರಿಗೆ ಬರುವುದಿಲ್ಲ ಎಂದು ಪತ್ರದಲ್ಲಿ ಹೆದರಿಸಿದ್ದರು. ಹಾಕಿದೆ, ಕೆಟ್ಟಿತು, ರೀಇನ್‌ಸ್ಟಾಲಿಗೆ ಕೂತೆ, ಏಳನೇ ಡಿಸ್ಕಿಗೆ ನಿಂತಿತು. ಈ ಸಲ ಒರೆಸಿದರೂ ಊದಿದರೂ ಜಪ್ಪಯ್ಯ ಎನ್ನಲಿಲ್ಲ. ಮತ್ತೆ ಮೊದಲಿನಿಂದ ಹಾಕಿದ್ದ ಹದಿನಾರು ಡಿಸೈನುಗಳು ಹೋದವು. ಕಂಪನಿಯಿಂದ ರಾಜೇಂದ್ರ ಎನ್ನುವ ಹುಡುಗ ಬಂದ. ಟೈ ಕಟ್ಟಿಕೊಂಡು, ನಮ್ಮ ಮಗ್ಗದ ಮನೆಯ ಧೂಳಿಗೆ ಮೂಗು ಹಿಡಿದುಕೊಂಡು ಒಳಗೆ ಬಂದ. ಡಬ್ಬಿ ತೆರೆದ. ಕುಂಕುಮ ಕಂಡ. ಅವನ ಮುಖದಲ್ಲಿ ಬಂದ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹುಡುಕುತ್ತಿದ್ದದ್ದು ಸಿಕ್ಕಿದವನ ನಗು. "ಓಹೋ, ಪೂಜೆ ಮಾಡ್ಬಿಟ್ಟಿದೀರ. ಅದಕ್ಕೇ ಮೇಡಂ. ಪುಡಿ ಒಳಗೆ ಹೋಗಿದೆ. ಇದಕ್ಕೆ ಕಂಪನಿ ಏನ್ ಮಾಡಕ್ಕಾಗುತ್ತೆ?"

ಪಕ್ಕದಲ್ಲೇ ನಮ್ಮ ಮಗ್ಗ ಓಡಿಸುವ ಆವಲಪ್ಪ ಹಾಸಿನ ನೂಲು ಕಟ್ಟುತ್ತಿದ್ದರು. ಮುನಿವೆಂಕಟಮ್ಮ ನೂಲು ಸುತ್ತುತ್ತಾ ಕೂತಿದ್ದರು. ಮಾವ ಬಾಗಿಲಲ್ಲಿ ನಿಂತಿದ್ದರು. ನೀವು ಆ ಹುಡುಗನಿಗೆ ಮಜ್ಜಿಗೆ ತರುತ್ತಿದ್ದಿರಿ. ಹದಿನಾರು ಡಿಸೈನು ಹೋದ ಸಿಟ್ಟು, ನಾನೇ ತರಿಸಿದ್ದು ಎನ್ನುವ ನಾಚಿಕೆ, ಎಲ್ಲವನ್ನೂ ಇಳಿಸಲು ಒಂದು ಜಾಗ ಬೇಕಾಗಿತ್ತು. ಅವನು ಕೈ ತೋರಿಸಿದ ಕಡೆ ಇಳಿಸಿಬಿಟ್ಟೆ. "ನೋಡಿ ಅತ್ತೆ, ನಿಮ್ಮ ಕುಂಕುಮದಿಂದ ಮಾವನ ಇಪ್ಪತ್ತು ವರ್ಷದ ಕೆಲಸ ಮಣ್ಣು ಪಾಲಾಯ್ತು. ಗೊತ್ತಿಲ್ಲದಿರೋದಕ್ಕೆ ಕೈ ಹಾಕಬಾರದು." ಇಷ್ಟೂ ನನ್ನ ಬಾಯಿಂದ ಬಂದದ್ದು. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಸಪ್ಪಲಮ್ಮ, ಇಲ್ಲಿ ನಿಲ್ಲಿಸಬೇಡ, ಓದು.

ನೀವು ಮಜ್ಜಿಗೆಯ ಲೋಟವನ್ನು ಅವನ ಮುಂದೆ ಇಟ್ಟಿರಿ. ಹಿತ್ತಲಿಗೆ ಹೋಗಿ ಸೀಗೆಪುಡಿ ಹಾಕಿ ಕೈ ತೊಳೆದುಕೊಂಡಿರಿ. ಅಡುಗೆ ಮನೆಯ ಕಿಟಕಿಯಿಂದ ಕಂಡೆ. ಉಂಗುರದ ಬೆರಳನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದಿರಿ.

ಮರುದಿನ ಬೆಳಿಗ್ಗೆ ಕೋಣೆಗೆ ಹೋದರೆ ಕೀಬೋರ್ಡಿನ ಮೇಲೆ ಒಂದು ಗಂಟು ಇತ್ತು. ಹಳೆಯ ಪಂಚೆಯಲ್ಲಿ ಸುತ್ತಿದ್ದು. ಬಿಚ್ಚಿದರೆ ಮಾವನ ಗ್ರಾಫ್ ಹಾಳೆಗಳು, ನಡುನಡುವೆ ಒಣಗಿದ ಬೇವಿನ ಎಲೆ. ಆಷಾಢಕ್ಕೆ ಸ್ವಲ್ಪ ಮೊದಲು ಅವನ್ನು ನಾನು ರದ್ದಿಗೆ ಕಟ್ಟಿಟ್ಟಿದ್ದೆ ಅತ್ತೆ. ಒಳಗೆ ಹಾಕಿದ ಮೇಲೆ ಕಾಗದ ಯಾಕೆ ಎಂದು ಹೇಳಿ, ಹೊರಬಾಗಿಲ ಹತ್ತಿರ ಇಟ್ಟಿದ್ದೆ. ಹಳೇ ಪೇಪರಿನವನು ತೆಗೆದುಕೊಂಡು ಹೋದನೆಂದೇ ತಿಳಿದಿದ್ದೆ. ಆಷಾಢದಲ್ಲಿ ಮೊದಲ ಸಲ ಡಿಸೈನು ಹೋದಾಗ ಕೆಲವು ಹಾಳೆಗಳು ಟ್ರಂಕಿನ ಮೇಲೆ ಕಾಣಿಸಿಕೊಂಡಿದ್ದವು. ಎಲ್ಲೋ ಉಳಿದಿದ್ದವು ಎಂದುಕೊಂಡೆ, ಯಾರು ಉಳಿಸಿದರು ಎಂದು ಕೇಳಲೇ ಇಲ್ಲ. ಈಗ ಪೂರ್ತಿ ಗಂಟು ಎದುರಿಗಿತ್ತು. ಮಾವನ ಕೆಲಸ ಒಂದು ಚುಕ್ಕಿಯೂ ಮಣ್ಣು ಪಾಲಾಗಿರಲಿಲ್ಲ. ನೀವು ಅದನ್ನು ಎತ್ತಿಟ್ಟಿದ್ದಿರಿ. ಹೋದದ್ದು ನನ್ನ ಕೆಲಸ. ಇದು ಗೊತ್ತಾದ ಕ್ಷಣದಲ್ಲಿ ಎದ್ದು ಬಂದು ನಿಮ್ಮ ಕಾಲು ಹಿಡಿಯಬೇಕಿತ್ತು. ನಾನು ಮೊದಲ ಹಾಳೆ ತೆಗೆದು ಗಿಣಿಯ ಚುಕ್ಕಿ ತುಂಬಲು ಶುರು ಮಾಡಿದೆ.

ಕಾರ್ತಿಕದ ಕೊನೆಗೆ ಹೊಸ ಏಳನೇ ಡಿಸ್ಕು ಕಳಿಸಿದರು. ನೀವು ಅಷ್ಟು ಹೊತ್ತಿಗೆ ಆ ಕೋಣೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಿರಿ. ಅದನ್ನು ಯಾರೂ ಮುಟ್ಟಲಿಲ್ಲ, ಯಾರೂ ಕುಂಕುಮ ಇಡಲಿಲ್ಲ. ಶಿವರಾತ್ರಿ ಹೊತ್ತಿಗೆ ಮತ್ತೊಮ್ಮೆ ರೀಇನ್‌ಸ್ಟಾಲ್ ಮಾಡಬೇಕಾಗಿ ಬಂದಾಗ ಅದೂ ಕರಕರ ಎಂದು ನಿಂತಿತು. ಆಗಲೂ ನಾನು ಬಾಯಿ ಬಿಡಲಿಲ್ಲ. ಮೂರನೆಯದನ್ನು ತರಿಸಿಕೊಂಡೆ, ಅದು ಹೇಗೋ ಓಡಿತು, ಓಡಿದ್ದೇ ಸಾಕು ಎಂದು ಸುಮ್ಮನಾದೆ. ಸುಳ್ಳಿನ ಮೇಲೆ ಕೂತವಳಿಗೆ ಏಳುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತದೆ.

ಆ ನಡುವೆ ನಿಮಗೆ ಏನಾಗುತ್ತಿದೆ ಎಂದು ನಾನು ನೋಡುತ್ತಲೇ ಇದ್ದೆ. ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಹೆಂಗಸರಿಗೆ ಕುಂಕುಮ ಕೊಡುವ ಹೊತ್ತಿಗೆ ನೀವು ಭರಣಿಯನ್ನು ನನ್ನ ಕೈಗಿಟ್ಟು ಒಳಗೆ ಹೋದಿರಿ. ಮಗ್ಗಕ್ಕೆ ಹೊಸ ಹಾಸು ಏರಿಸಿದಾಗಲೆಲ್ಲ ಮೊದಲ ಬೊಟ್ಟು ನಿಮ್ಮದೇ ಆಗಿತ್ತು ಅಲ್ಲವೇ, ಆವಲಪ್ಪ ಬಂದು ಕರೆದರೆ, "ನನ್ ಕೈ ಬ್ಯಾಡಪ್ಪ, ಕೈಗುಣ ಸರಿಯಿಲ್ಲ" ಎಂದಿರಿ. ಮೂವತ್ತು ವರ್ಷ ಆ ಮಗ್ಗಗಳನ್ನು ಎಬ್ಬಿಸಿದ ಕೈ. ಆವಲಪ್ಪ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿ ಕೀಬೋರ್ಡು ಕುಟ್ಟುತ್ತಿದ್ದೆ. ವೈಶಾಖದಲ್ಲಿ ಸಪ್ಪಲಮ್ಮನ ಮಗುವಿನ ನಾಮಕರಣಕ್ಕೆಂದು ಹೋದವರು ಅಲ್ಲೇ ಉಳಿದಿರಿ. ಗೌರಿಹಬ್ಬಕ್ಕೂ ಬರಲಿಲ್ಲ. ಮಗು ನಿಮ್ಮನ್ನು ಬಿಡುತ್ತಿಲ್ಲ ಎಂದು ಬರೆಸಿದಿರಿ. ಇಲ್ಲಿ ಯಾರೂ ಅದನ್ನು ನಂಬಲಿಲ್ಲ.

ಹೋದ ವಾರ ದೇವನಹಳ್ಳಿ ಪಕ್ಕದ ವಿಜಯಪುರದಿಂದ ಖಲೀಲ್ ಸಾಹೇಬರು ಎನ್ನುವವರು ಹುಡುಕಿಕೊಂಡು ಬಂದರು. ಅವರೂ ಸೀರೆ ಡಿಸೈನು ಮಾಡುವವರು, ಅದೇ ಕಂಪನಿಯ ಅದೇ ಸಾಫ್ಟ್‌ವೇರು ತೆಗೆದುಕೊಂಡು ಮೋಸ ಹೋದವರು. ಬಂದು ಕೂತು, ಸಂಕೋಚದಿಂದ ಕೇಳಿದರು. "ಅಮ್ಮಾ, ನಿಮ್ದು ಏಳ್ನೇ ಡಿಸ್ಕು ಒಂದ್ ಸಲ ಕೊಡ್ತೀರಾ? ನಮ್ದು ನಿಂತೋಗಿದೆ." ಏಳನೆಯದೇ ಯಾಕೆ ನಿಂತಿತು, ಕಂಪನಿಯವರು ಏನು ಹೇಳಿದರು ಎಂದು ಕೇಳಿದೆ. ಅವರು ನಕ್ಕರು. "ಒಬ್ಬ ಟೈ ಹುಡುಗ ಬಂದಿದ್ದ. ನಮ್ಮಮ್ಮ ಗುರುವಾರ ಗುರುವಾರ ಮನೆಯಲ್ಲಾ ಲೋಬಾನದ ಹೊಗೆ ಹಾಕ್ತಾರೆ. ಆ ಹೊಗೆ ಒಳಗೆ ಹೋಗಿದೆ ಅಂದ."

ನಾನು ಕೇಳಿದೆ, "ನಿಮ್ಮ ತಾಯಿಯವರಿಗೆ ಏನು ಹೇಳಿದಿರಿ?"

"ಏನೂ ಹೇಳ್ಲಿಲ್ಲ. ಡಬ್ಬದ ಮಾತು ಕೇಳಿ ಅಮ್ಮನ್ನ ಬೈಯಕ್ಕಾಗುತ್ತಾ? ಅವ್ರು ಈಗ್ಲೂ ಹಾಕ್ತಾರೆ, ಕಂಪ್ಯೂಟರ್ ರೂಮಿಗೂ ಹಾಕ್ತಾರೆ."

ಅವರು ಅದನ್ನು ದೊಡ್ಡ ಮಾತೆಂದು ಹೇಳಲಿಲ್ಲ. ಬಿಸ್ಕತ್ತು ಕಾಫಿಗೆ ಅದ್ದಿಕೊಂಡು ತಿನ್ನುತ್ತಾ ಹೇಳಿದರು. ನನಗೆ ಮಾತ್ರ ಎಲ್ಲರೂ ಸೇರಿ ಕೆನ್ನೆಗೆ ಹೊಡೆದ ಹಾಗಾಯಿತು. ನಮ್ಮಲ್ಲಿ ಎರಡು ಸತ್ತ ಏಳನೇ ಡಿಸ್ಕುಗಳಿವೆ, ಬದುಕಿರುವುದು ಒಂದೇ ಎಂದು ಹೇಳಿ, ಆ ಒಂದನ್ನು ಕಾಪಿ ಮಾಡಿ ಕೊಟ್ಟು ಕಳಿಸಿದೆ. ಅವರು ಬಸ್ಸಿಗೆ ಹೋದ ಮೇಲೆ ಪಾಪದ ಪುಸ್ತಕ ತೆಗೆದು ಆಗಸ್ಟ್ ತಿಂಗಳ ಪುಟ ಓದಿದೆ.

ಶನಿವಾರ ರಾಜೇಂದ್ರ ನಾಲ್ಕನೆಯ ಅಪ್‌ಡೇಟ್ ಹಿಡಿದುಕೊಂಡು ತಾನೇ ಬಂದ. ಬಂದವನೇ ಡಬ್ಬಿ ತೆರೆದು, "ಏನ್ ಮೇಡಂ, ಮೊದ್ಲು ಈ ಕುಂಕುಮ ಎಲ್ಲಾ ಒರೆಸಿ ಕ್ಲೀನ್ ಮಾಡ್ಬಿಡಿ" ಎಂದ. ನಾನು ಮಗ್ಗಗಳನ್ನು ನಿಲ್ಲಿಸಿ ಎಂದೆ. ಆರೂ ನಿಂತವು. ಆವಲಪ್ಪನನ್ನು, ಮುನಿವೆಂಕಟಮ್ಮನನ್ನು, ಮಾವನನ್ನು, ನಿಮ್ಮ ಮಗನನ್ನು ಕೋಣೆಗೆ ಕರೆದೆ. ಅಂದು ಇದ್ದವರೆಲ್ಲ ಇದ್ದರು, ನೀವೊಬ್ಬರು ಇರಲಿಲ್ಲ. ಆಗಸ್ಟಿನ ಪುಟ ತೆಗೆದು ಅವನ ಕೈಗೆ ಕೊಟ್ಟು, ಗಟ್ಟಿಯಾಗಿ ಓದು ಎಂದೆ. ಓದಿದ. ತಾರೀಖು ಓದು ಎಂದೆ. ಅದನ್ನೂ ಓದಿದ. ವಿಜಯಪುರದಲ್ಲಿ ಲೋಬಾನದ ಹೊಗೆ, ದೊಡ್ಡಬಳ್ಳಾಪುರದಲ್ಲಿ ಕುಂಕುಮ, ದೇವನಹಳ್ಳಿಯಲ್ಲಿ ಏನಪ್ಪಾ ಎಂದು ಕೇಳಿದೆ. ಅವನ ಮುಖ ಸಣ್ಣದಾಯಿತು. "ಮೇಡಂ, ನಂಗೂ ಗೊತ್ತು, ಆ ಬ್ಯಾಚಿನ ಏಳ್ನೇ ಡಿಸ್ಕು ಸರಿಯಿಲ್ಲ ಅಂತ. ಹೋದ್ ತಕ್ಷಣ ಕಸ್ಟಮರ್ ಮನೇಲಿ ಏನಾದ್ರೂ ಕಾರಣ ಹುಡುಕಿ ಅಂತಾನೇ ಆಫೀಸಲ್ಲಿ ಹೇಳ್ಕೊಟ್ಟಿರೋದು. ಯಾವ್ ಮನೆಗೋದ್ರೂ ಏನಾದ್ರೂ ಒಂದ್ ಸಿಕ್ಕೇ ಸಿಗುತ್ತೆ." ಆಮೇಲೆ ಮೆಲ್ಲಗೆ, "ಅಜ್ಜಿ ಎಲ್ಲಿ ಮೇಡಂ, ಮಜ್ಜಿಗೆ ಕೊಟ್ಟಿದ್ರು" ಎಂದ.

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ ಅತ್ತೆ. ಅವನು ಹೊಟ್ಟೆಪಾಡಿಗೆ ಸುಳ್ಳು ಹೇಳಿದ. ನಾನು ಯಾವ ಪಾಡಿಗೆ ಹೇಳಿದೆ? ಅಲ್ಲೇ ಎಲ್ಲರ ಎದುರಿಗೆ ಹೇಳಿದೆ, ಡಿಸ್ಕು ಮೊದಲೇ ಕೆಟ್ಟಿತ್ತು, ನನಗೆ ಗೊತ್ತಿತ್ತು, ಅತ್ತೆ ನನ್ನನ್ನು ಕೇಳಿಯೇ ಇಟ್ಟಿದ್ದರು, ಮಾವನ ಗ್ರಾಫುಗಳನ್ನು ಉಳಿಸಿದವರೂ ಅವರೇ. ಮುನಿವೆಂಕಟಮ್ಮ, "ಅಂಗಾದ್ರೆ ಆ ಮಾತಾಯಿ ಸುಮ್ಸುಮ್ನೆ ಊರು ಬಿಟ್ಟೋದ್ಲಾ?" ಎಂದು ಕೇಳಿದರು. ಮಾವ ಇಷ್ಟು ದಿನಕ್ಕೆ ಮೊದಲ ಸಲ ನನ್ನ ಹತ್ತಿರ ನೇರವಾಗಿ ಮಾತಾಡಿದರು. "ನಂಗೊತ್ತಿತ್ತು ಕಣಮ್ಮ ಅವ್ಳು ನಿನ್ನ ಕೇಳಿದ್ದು. ನಾನು ಅಲ್ಲೇ ಜಗುಲಿ ಮೇಲಿದ್ದೆ. ಹೇಳಕ್ಕೋದ್ರೆ, ಸೊಸೆ ಮುಖ ಮುರೀಬ್ಯಾಡಿ ಅಂದ್ಲು."

ಇದನ್ನು ಕೇಳಿದ ಮೇಲೆ ಈ ಕಾಗದ ಬರೆಯಲು ಕೂತೆ.

ನಾಲ್ಕನೆಯ ಅಪ್‌ಡೇಟ್ ಲಕೋಟೆಯನ್ನು ಒಡೆಯದೆ ರಾಜೇಂದ್ರನ ಕೈಗೇ ಕೊಟ್ಟು ಕಳಿಸಿದೆ. ಇನ್ನು ಯಾವ ಅಪ್‌ಡೇಟ್ ಬಂದರೂ ನಮ್ಮ ಹೊಸ್ತಿಲಾಚೆಯೇ. ಕಂಪ್ಯೂಟರನ್ನು ಎಸೆಯುವುದಿಲ್ಲ. ಅದು ಈಗ ಓಡುತ್ತಿದೆ, ಓಡುವ ಮಗ್ಗವನ್ನು ಬಿಚ್ಚುವುದಿಲ್ಲ, ಅಷ್ಟೇ. ಮಾಡಿದ ಪ್ರತಿ ಡಿಸೈನನ್ನೂ ಕಾಗದದ ಮೇಲೆ ಪ್ರಿಂಟ್ ತೆಗೆದು, ಮಾವನ ಹಾಳೆಗಳ ಜೊತೆ ಅದೇ ಪಂಚೆಯಲ್ಲಿ ಸುತ್ತಿ, ಬೇವಿನ ಎಲೆ ಹಾಕಿ ಟ್ರಂಕಿನಲ್ಲಿ ಇಡುತ್ತಿದ್ದೇನೆ. ಕಂಪನಿಯ ಇಂಗ್ಲಿಷ್ ಪುಸ್ತಕದಲ್ಲಿ ಈ ಬುದ್ಧಿ ಎಲ್ಲೂ ಬರೆದಿಲ್ಲ.

ಪಿತೃಪಕ್ಷದಲ್ಲಿ ಯಾರನ್ನೂ ಶುಭಕ್ಕೆ ಕರೆಯಬಾರದು ಎಂದು ಹೇಳಿಕೊಟ್ಟವರು ನೀವು. ಅದಕ್ಕೆ ಇದರಲ್ಲಿ ನಿಮ್ಮನ್ನು ಕರೆಯುತ್ತಿಲ್ಲ. ಅಮಾವಾಸ್ಯೆ ಕಳೆದ ಮರುದಿನ ಬೆಳಿಗ್ಗೆ ನಾನೇ ಯಶಸ್ವಿನಿಯನ್ನು ಕರೆದುಕೊಂಡು ತ್ಯಾಮಗೊಂಡ್ಲಿಗೆ ಬರುತ್ತೇನೆ. ನಿಮ್ಮ ಮಗನನ್ನು ಕಳಿಸುವುದಿಲ್ಲ. ಬೈಯಬೇಕೆಂದರೆ ಬೈಯಿರಿ. ನೀವು ಬೈಯುವವರಲ್ಲ, ಅದೇ ನನಗೆ ಕಷ್ಟ. ಸಪ್ಪಲಮ್ಮನಿಗೆ ಹೇಳಿ ಇಡಿ, ಅವಳು ಬೈಯಲಿ.

ನೀವು ಬಾರದಿದ್ದರೆ ಏನು ಮಾಡುತ್ತೇನೆಂದು ಈಗಲೇ ಹೇಳಿಬಿಡುತ್ತೇನೆ. ಆಯುಧಪೂಜೆಯ ದಿನ ಆರು ಮಗ್ಗಗಳನ್ನೂ ಒರೆಸಿ, ವಿಭೂತಿ ಬಳಿದು, ಹೂ ಇಟ್ಟು, ಹಾಗೇ ಬರಿಯ ಹಣೆಯಲ್ಲಿ ನಿಲ್ಲಿಸುತ್ತೇನೆ. ನಾನು ಕುಂಕುಮ ಮುಟ್ಟುವುದಿಲ್ಲ, ಯಾರನ್ನೂ ಮುಟ್ಟಲು ಬಿಡುವುದಿಲ್ಲ. ಹಣೆಗೆ ಬೊಟ್ಟಿಲ್ಲದ ಮಗ್ಗವನ್ನು ಆವಲಪ್ಪ ಓಡಿಸುವುದಿಲ್ಲ ಎಂದು ಆಗಲೇ ಅವರೇ ಹೇಳಿದ್ದಾರೆ. ಮಾವ ಅದಕ್ಕೆ ತಲೆಯಾಡಿಸಿದ್ದಾರೆ. ವಿಜಯದಶಮಿಗೂ ನಿಂತಿರಲಿ, ದೀಪಾವಳಿಗೂ ನಿಂತಿರಲಿ, ನೀವು ಬಂದ ದಿನ ಓಡುತ್ತವೆ.

ನಿಮ್ಮ ಭರಣಿ ದೇವರ ಗೂಡಿನಲ್ಲಿ ನೀವು ಇಟ್ಟ ಜಾಗದಲ್ಲೇ ಇದೆ. ಆ ಹದಿನಾಲ್ಕು ಡಿಸ್ಕುಗಳ ಮೇಲಿನ ಬೊಟ್ಟುಗಳನ್ನು ನಾನು ಒರೆಸಿಲ್ಲ. ಸತ್ತ ಏಳನೆಯದರ ಮೇಲೆಯೂ ಅದು ಹಾಗೇ ಇದೆ, ಸ್ವಲ್ಪ ಮಾಸಿದೆ. ಅದರ ಪಕ್ಕದಲ್ಲಿ ಆಮೇಲೆ ಬಂದ ಎರಡು ಏಳನೇ ಡಿಸ್ಕುಗಳು ಬಂದಾಗಿನಿಂದ ಬೋಳಾಗಿ ಬಿದ್ದಿವೆ. ಒಂದಕ್ಕಿಟ್ಟು ಒಂದಕ್ಕೆ ಬಿಡಬಾರದು ಎಂದವರು ನೀವೇ. ಬಂದು ಅವಕ್ಕೂ ಇಡಿ ಅತ್ತೆ. ಎಲ್ಲಿ ಇಡಲಿ ಎಂದು ಈ ಸಲ ಕೇಳಬೇಡಿ.

ಸಪ್ಪಲಮ್ಮನ ಮಗುವಿಗೆ ನನ್ನ ಆಶೀರ್ವಾದ, ಅವಳ ಅತ್ತೆ ಮಾವಂದಿರಿಗೆ ನಮಸ್ಕಾರ. ನಿಮ್ಮ ಬಲಗೈಯನ್ನು ಕಣ್ಣಿಗೊತ್ತಿಕೊಂಡು, ಆ ಕೈ ನೂರು ವರ್ಷ ನಮ್ಮ ಮಗ್ಗಗಳ ಮೇಲಿರಲಿ ಎಂದು ಬೇಡಿಕೊಳ್ಳುವ,

ನಿಮ್ಮ ತಪ್ಪಿತಸ್ಥ ಸೊಸೆ,
ಅರುಣಾ